ಎದೆಯ ಗೆರೆಯಲ್ಲ, ಕೊರಳಿನ ಬಣ್ಣ ನೋಡಿ

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕು. ನಾಲ್ಕೂವರೆ ಎಕರೆ ಕೆಮ್ಮಣ್ಣಿನ ಹೊಲಕ್ಕೆ ಈ ಸಲ ಶೇಂಗಾ ಹಾಕಿದ್ದೇವೆ. ಹೊಲದ ಒಂದು ಬದಿಗೆ ಬಟಾಬಯಲಾದ ಗೋಮಾಳ, ಇನ್ನೊಂದು ಬದಿಗೆ ಕುರುಚಲು ಕಾಡು. ಬೆಳಿಗ್ಗೆ ಹೊಲಕ್ಕೆ ಹೋದರೆ ಕಾಲಬುಡದಿಂದಲೇ ಭರ್ರೆಂದು ಸಣ್ಣ ಹಕ್ಕಿಗಳ ಹಿಂಡು ಏಳುತ್ತದೆ. ಇವು ಬುರ್ಲಿ, ಇವುಗಳಲ್ಲಿ ಎರಡು ಜಾತಿ, ಎದೆಯ ಮೇಲೆ ಗೆರೆ ಇರುವುದು ಒಂದು, ಬೋಳು ಎದೆಯದು ಇನ್ನೊಂದು ಎಂದು ನಮ್ಮ ಮಾವನವರು ಹೇಳುತ್ತಾರೆ. ಪಕ್ಕದ ಹೊಲದವರು ಗೌಜಲ ಮರಿ ಎನ್ನುತ್ತಾರೆ. ಮೊಬೈಲ್ ಆ್ಯಪ್‌ಗೆ ಫೋಟೊ ಹಾಕಿದರೆ ಒಮ್ಮೆ ಜಂಗಲ್ ಬುಷ್ ಕ್ವೇಲ್, ಇನ್ನೊಮ್ಮೆ ರಾಕ್ ಬುಷ್ ಕ್ವೇಲ್ ಎಂದು ಬರುತ್ತದೆ. ಮೂರು ಫೋಟೊ ಕಳಿಸಿದ್ದೇನೆ, ಯಾವುದು ನಿಜ ಹೇಳಿ. ಎಂಟು ದಿನದ ಹಿಂದೆ ಬದುವಿನ ಹುಲ್ಲು ಕೊಯ್ಯುವಾಗ ಐದು ಮೊಟ್ಟೆಗಳ ಗೂಡು ಸಿಕ್ಕಿತು, ಅದರ ಮೇಲೆ ಹಕ್ಕಿ ಕೂತಿತ್ತು. ಇನ್ನು ಹತ್ತು ದಿನಕ್ಕೆ ಶೇಂಗಾ ಕೀಳಬೇಕು. ಮೊಟ್ಟೆಗಳನ್ನು ಕಾವಿಗೆ ಕೂತ ಕೋಳಿಯ ಕೆಳಗೆ ಇಡಬಹುದೇ? ಪೇಟೆಯವರೊಬ್ಬರು ಜೀವಂತ ಜೋಡಿ ಹಿಡಿದುಕೊಟ್ಟರೆ ಹಣ ಕೊಡುತ್ತೇನೆ ಎಂದಿದ್ದಾರೆ. ಮಾವನವರಿಗೆ ದಮ್ಮು ಇದೆ, ಬುರ್ಲಿ ಮಾಂಸದಿಂದ ಅದು ಕಡಿಮೆಯಾಗುತ್ತದೆ ಎನ್ನುವವರೂ ಇದ್ದಾರೆ. ನನಗೆ ಇವುಗಳನ್ನು ಹಿಡಿಯಲು ಮನಸ್ಸಿಲ್ಲ, ಆದರೆ ಮನೆಯಲ್ಲಿ ಹೇಳಲು ಸರಿಯಾದ ಮಾಹಿತಿ ಬೇಕು.

ಉತ್ತರ: ಗೂಡಿನ ವಿಷಯಕ್ಕೆ ಗಡುವಿರುವುದರಿಂದ ಅದನ್ನು ಮೊದಲು ಹೇಳಿಬಿಡುತ್ತೇನೆ. ಮೊಟ್ಟೆಗಳನ್ನು ಮುಟ್ಟಬೇಡಿ, ಆ ಬದುವಿನ ಉಳಿದ ಹುಲ್ಲನ್ನು ಕೊಯ್ಯಬೇಡಿ, ಕೋಳಿಯ ಯೋಚನೆ ಬಿಡಿ. ಏಕೆ ಎಂಬುದನ್ನು ಮುಂದೆ ವಿವರವಾಗಿ ಬರೆದಿದ್ದೇನೆ.

ಇನ್ನು ಹಕ್ಕಿ. ನಿಮ್ಮ ಮಾವನವರು ಎರಡು ಜಾತಿ ಎಂದದ್ದು ಸರಿ. ಆದರೆ ಅವುಗಳ ನಡುವೆ ಅವರು ಎಳೆದ ಗೆರೆ ಬೇರೆ ಕಡೆ ಬಿದ್ದಿದೆ. ಎದೆಯ ಮೇಲೆ ಕಪ್ಪು-ಬಿಳಿ ಅಡ್ಡಗೆರೆ ಇರುವುದು ಗಂಡು, ಬೋಳು ಎದೆಯದು ಹೆಣ್ಣು. ಈ ವ್ಯತ್ಯಾಸ ಎರಡೂ ಜಾತಿಗಳಲ್ಲಿ ಒಂದೇ ರೀತಿ ಇದೆ. ಬಯಲುಸೀಮೆಯ ಹಳ್ಳಿಗಳಲ್ಲಿ ನಾನು ಅತಿ ಹೆಚ್ಚು ಕೇಳಿರುವ ತಪ್ಪು ಇದೇ, ಮತ್ತು ಇದು ದಡ್ಡತನದಿಂದ ಆದದ್ದಲ್ಲ. ಹಕ್ಕಿಯನ್ನು ಹತ್ತಿರದಿಂದ, ಎಚ್ಚರದಿಂದ ನೋಡಿದವರಿಗೆ ಮಾತ್ರ ಗೆರೆಯ ಎದೆ, ಬೋಳು ಎದೆ ಎಂಬುದು ಕಣ್ಣಿಗೆ ಬೀಳುತ್ತದೆ. ದಾರಿಯಲ್ಲಿ ಹೋಗುವವರಿಗೆ ಅದು ಬರೀ ಮಣ್ಣಿನ ಬಣ್ಣದ ಒಂದು ಉಂಡೆ.

ಗೌಜಲ ಮರಿ ಎಂಬುದನ್ನು ಬೇಗ ಮುಗಿಸೋಣ. ಬೆಳೆದ ಗೌಜಲು ಒಂದು ಅಡಿಗಿಂತ ಸ್ವಲ್ಪ ಹೆಚ್ಚೇ ಉದ್ದ ಇರುತ್ತದೆ. ಬುರ್ಲಿ ಅದರ ಅರ್ಧ, ಸುಮಾರು 17 ಸೆಂಟಿಮೀಟರ್, ಕೈಮುಷ್ಟಿಯಲ್ಲಿ ಹಿಡಿಸುವಷ್ಟು. ಗೌಜಲ ಮರಿಗಳು ಆ ಗಾತ್ರದಲ್ಲಿರುವಾಗ ತಾಯಿ ಜೊತೆಯಲ್ಲೇ ಇರುತ್ತದೆ, ಹಿಂಡಿನಲ್ಲಿ ದೊಡ್ಡ ಹಕ್ಕಿಯೊಂದು ಕಂಡೇ ಕಾಣುತ್ತದೆ. ಅದೂ ಅಲ್ಲದೆ ಗೌಜಲು ಮನುಷ್ಯರನ್ನು ಕಂಡರೆ ಮೊದಲು ಓಡುತ್ತದೆ, ಬೇರೆ ದಾರಿ ಇಲ್ಲದಾಗ ಹಾರುತ್ತದೆ. ಬುರ್ಲಿ ಹಾಗಲ್ಲ. ಕಾಲು ಇನ್ನೇನು ತಾಗುತ್ತದೆ ಎನ್ನುವವರೆಗೂ ನೆಲಕ್ಕಂಟಿ ಕೂತಿದ್ದು ಒಮ್ಮೆಗೇ ಎಲ್ಲ ದಿಕ್ಕಿಗೂ ಸಿಡಿಯುತ್ತದೆ. ಎದೆ ಧಸಕ್ಕೆನ್ನುತ್ತದಲ್ಲ, ಅದು ಬುರ್ಲಿಯ ಗುರುತು. ಹಿಂಡು ಚದುರಿ ಐವತ್ತು-ಅರವತ್ತು ಹೆಜ್ಜೆ ದೂರದಲ್ಲಿ ಇಳಿಯುತ್ತದೆ. ಹತ್ತು ನಿಮಿಷ ಅಲುಗಾಡದೆ ನಿಂತರೆ ಆ ಪೊದೆಯಿಂದ ಒಂದು, ಈ ಪೊದೆಯಿಂದ ಒಂದು ಸಣ್ಣಗೆ ಸಿಳ್ಳೆ ಹಾಕಿ ಒಂದನ್ನೊಂದು ಕರೆದುಕೊಂಡು ಮತ್ತೆ ಗುಂಪು ಕೂಡುವುದು ಕೇಳಿಸುತ್ತದೆ.

ಇದೇ ಹೊಲಗಳಲ್ಲಿ ಇನ್ನೂ ಎರಡು ಬಗೆಯ ಹಕ್ಕಿಗಳನ್ನು ಜನ ಬುರ್ಲಿ ಎಂದುಕೊಳ್ಳುತ್ತಾರೆ. ಮಳೆಗಾಲದಲ್ಲಿ ಬೆಳೆಯ ನಡುವೆ ಕೂಗುವ ಮಳೆಲಾವುಗೆ ಹಿಂಡು ಕಟ್ಟುವುದಿಲ್ಲ, ಒಂಟಿಯಾಗಿ ಅಥವಾ ಜೋಡಿಯಾಗಿ ಇರುತ್ತದೆ, ಗಂಡಿನ ಎದೆಯ ಮೇಲೆ ಕಪ್ಪು ಮಚ್ಚೆ ಇರುತ್ತದೆ. ಇನ್ನೊಂದು, ಕಾಲಿಗೆ ಹಿಂಬೆರಳೇ ಇಲ್ಲದ, ಮೂರೇ ಬೆರಳಿನ ಬಟನ್ ಕ್ವೇಲ್. ನೋಡಲು ಲಾವುಗೆಯಂತಿದ್ದರೂ ಅದು ಲಾವುಗೆಯ ಕುಲಕ್ಕೇ ಸೇರಿದ್ದಲ್ಲ. ಅದರಲ್ಲಿ ಹೆಣ್ಣೇ ದೊಡ್ಡದು, ಹೆಣ್ಣಿಗೇ ಹೆಚ್ಚು ಬಣ್ಣ, ಕಾವು ಕೂರುವುದು ಗಂಡು. ನಿಮ್ಮ ಫೋಟೊಗಳಲ್ಲಿ ಇವೆರಡೂ ಇಲ್ಲ.

ಹಾಗಾದರೆ ಉಳಿದದ್ದು ಜಂಗಲ್ ಬುಷ್ ಕ್ವೇಲ್ ಮತ್ತು ರಾಕ್ ಬುಷ್ ಕ್ವೇಲ್. ವಿಜ್ಞಾನದ ಹೆಸರು ಪರ್ಡಿಕ್ಯುಲಾ ಏಷಿಯಾಟಿಕಾ ಮತ್ತು ಪರ್ಡಿಕ್ಯುಲಾ ಅರ್ಗೂಂಡಾ. ಬಾಯಿಗೆ ಸುಲಭವಾಗಲೆಂದು ಈ ಉತ್ತರದ ಮಟ್ಟಿಗೆ ಮೊದಲನೆಯದನ್ನು ಕಾಡುಬುರ್ಲಿ, ಎರಡನೆಯದನ್ನು ಕಲ್ಲುಬುರ್ಲಿ ಎಂದು ಕರೆಯುತ್ತೇನೆ. ಒಂದೇ ಗಾತ್ರ, ಒಂದೇ ನಡಿಗೆ, ಒಂದೇ ಬಗೆಯ ಹಿಂಡು. ಹುಲ್ಲಿನ ಬೀಜ, ಕಳೆಯ ಬೀಜ, ಗೆದ್ದಲು, ಸಣ್ಣಪುಟ್ಟ ಹುಳು ಎಂದು ಊಟವೂ ಒಂದೇ. ಹಾರುವಾಗ ಇವೆರಡನ್ನು ಬೇರೆ ಮಾಡಲು ನನಗೆ ಇಂದಿಗೂ ಆಗುವುದಿಲ್ಲ. ಆಗುತ್ತದೆ ಎನ್ನುವವರ ಮಾತನ್ನು ನಾನು ದಾಖಲೆಗೆ ತೆಗೆದುಕೊಳ್ಳುವುದಿಲ್ಲ.

ಇಷ್ಟೊಂದು ಹೋಲಿಕೆ ಏಕೆ? ನೆಲದ ಮೇಲೇ ಮೇಯುವ, ನೆಲದ ಮೇಲೇ ಮಲಗುವ, ನೆಲದ ಮೇಲೇ ಮೊಟ್ಟೆ ಇಡುವ ಹಕ್ಕಿಗೆ ಮಣ್ಣಿನಲ್ಲಿ ಮಣ್ಣಾಗಿ ಕಾಣುವುದೊಂದೇ ರಕ್ಷಣೆ. ಮೇಲೆ ಡೇಗೆ, ಗಿಡುಗ, ಕೆಳಗೆ ಮುಂಗುಸಿ, ಉಡ, ಹಾವು, ನರಿ. ಮೇಲಿನಿಂದ ನೋಡುವ ಕಣ್ಣಿಗೆ ಕಾಣುವುದು ಬೆನ್ನು, ಆದ್ದರಿಂದ ಒಂದೇ ಬಗೆಯ ಒಣನೆಲದಲ್ಲಿ ಬದುಕುವ ಎರಡರ ಬೆನ್ನೂ ಹೆಚ್ಚುಕಡಿಮೆ ಒಂದೇ ಆಗಿದೆ. ಮುಖ ಮತ್ತು ಕೊರಳು ಮಾತ್ರ ತನ್ನ ಜೊತೆಯವರಿಗೆ, ಹತ್ತಿರದಲ್ಲಿ ಎದುರುಬದುರು ನಿಂತವರಿಗೆ ಕಾಣುವ ಜಾಗ. ವ್ಯತ್ಯಾಸ ಉಳಿದಿರುವುದು ಅಲ್ಲಿ. ನಾವೂ ಅಲ್ಲೇ ನೋಡಬೇಕು.

ಹೆಣ್ಣಿನಿಂದ ಶುರುಮಾಡಿ. ಬಹಳಷ್ಟು ಜನ ಗೆರೆಯ ಗಂಡು ಚೆಂದ ಕಾಣುತ್ತದೆಂದು ಅದರ ಫೋಟೊವನ್ನೇ ತೆಗೆಯುತ್ತಾರೆ, ಆದರೆ ಗುರುತು ಹಿಡಿಯಲು ಸುಲಭವಾದದ್ದು ಬೋಳು ಎದೆಯ ಹೆಣ್ಣು. ಕಾಡುಬುರ್ಲಿಯ ಹೆಣ್ಣಿಗೆ ಎದೆ ತಿಳಿ ಮಣ್ಣುಗೆಂಪು, ಕೊರಳು ಮಾತ್ರ ಅಚ್ಚ ಕಾವಿ. ತೆಳ್ಳನೆಯ ಮಣ್ಣಿನ ಗೋಡೆಗೆ ಕಾವಿಯ ಪಟ್ಟಿ ಬಳಿದ ಹಾಗೆ, ಎಲ್ಲಿ ಕೊರಳು ಮುಗಿದು ಎದೆ ಶುರುವಾಯಿತು ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಕಲ್ಲುಬುರ್ಲಿಯ ಹೆಣ್ಣಿಗೆ ಆ ಪಟ್ಟಿಯೇ ಇಲ್ಲ. ಕೆನ್ನೆ, ಕೊರಳು, ಎದೆ ಎಲ್ಲ ಒಂದೇ ಮಾಸಲು ಬಣ್ಣ, ಗದ್ದದ ಬಳಿ ಸ್ವಲ್ಪ ಬಿಳಿಚು. ಹೆಣ್ಣಿನ ಕೊರಳು ಸ್ಪಷ್ಟವಾಗಿ ಕಂಡರೆ ಬೇರೆ ಏನನ್ನೂ ನೋಡದೆ ಹೆಸರು ಹೇಳಬಹುದು.

ಗಂಡಿನಲ್ಲಿ ಎರಡಕ್ಕೂ ಕೊರಳು ಕೆಂಪಗಿರುವುದರಿಂದ ಅದರ ಸುತ್ತ ಏನಿದೆ ಎಂದು ನೋಡಬೇಕು. ಕಾಡುಬುರ್ಲಿಯ ಗಂಡಿಗೆ ಮುಖದ ಮೇಲೆ ಗೆರೆ ಎಳೆದು ಬಣ್ಣ ತುಂಬಿದಂತಿರುತ್ತದೆ. ಕಣ್ಣಿನ ಮೇಲೆ ಉದ್ದನೆಯ ಬಿಳಿ ಹುಬ್ಬು, ಕಾವಿಯ ಅಂಚಿನೊಂದಿಗೆ ಹಿಂದಕ್ಕೆ ಕುತ್ತಿಗೆಯವರೆಗೆ ಹೋಗುತ್ತದೆ. ಕೆನ್ನೆ ಕಂದು. ಆ ಕಂದು ಕೆನ್ನೆಗೂ ಕಾವಿ ಕೊರಳಿಗೂ ನಡುವೆ ಮೀಸೆಯಂತೆ ಒಂದು ಬಿಳಿ ಪಟ್ಟೆ. ಕಲ್ಲುಬುರ್ಲಿಯ ಗಂಡಿಗೆ ಈ ಬಿಳಿ ಮೀಸೆ ಇಲ್ಲ. ಕೆನ್ನೆ, ಕೊರಳು ಎರಡೂ ಒಂದೇ ಮಂಕುಗೆಂಪು, ಒಂದರೊಳಗೊಂದು ಕಲೆಸಿಹೋಗಿರುತ್ತದೆ. ಹುಬ್ಬು ಚಿಕ್ಕದು, ಅಲ್ಲಲ್ಲಿ ಕಡಿದಂತಿರುತ್ತದೆ. ಅಂದರೆ ಗಂಡಿನಲ್ಲಿ ನಾನು ಹುಡುಕುವುದು ಕೆಂಪನ್ನಲ್ಲ, ಕೆಂಪಿನ ಮೇಲಂಚಿನ ಬಿಳಿಯನ್ನು.

ಹಕ್ಕಿ ಬೆನ್ನು ತಿರುಗಿಸಿ ನಡೆದುಹೋಗುತ್ತಿದ್ದರೆ ಬಾಲದ ಬುಡದ ಕೆಳಭಾಗ ನೋಡಿ. ಕಾಡುಬುರ್ಲಿಗೆ ಅಲ್ಲಿ ಕಿತ್ತಳೆ ಛಾಯೆಯ ತಿಳಿಕಂದು, ಕಲ್ಲುಬುರ್ಲಿಗೆ ಬಿಳಿಚು. ಇದು ಬಲವಾದ ಸಾಕ್ಷಿಯಲ್ಲ, ಮುಖ ನೋಡಿ ಬಂದ ತೀರ್ಮಾನಕ್ಕೆ ಒಂದು ಬೆಂಬಲ ಅಷ್ಟೇ. ಕಾಡುಬುರ್ಲಿಯ ಬೆನ್ನಿನ ಮೇಲೆ ತಿಳಿಬಣ್ಣದ ಉದ್ದ ಗೀರುಗಳು ಎದ್ದು ಕಾಣುತ್ತವೆ, ಕಲ್ಲುಬುರ್ಲಿಯ ಬೆನ್ನಿನಲ್ಲಿ ಆ ಗೀರುಗಳು ಅಷ್ಟು ಎದ್ದುಕಾಣುವುದಿಲ್ಲ. ಇದೂ ಅಷ್ಟೇ, ಬೆಂಬಲದ ಮಾತು.

ಈಗ ನಿಮ್ಮ ಫೋಟೊಗಳು. ಮೊದಲನೆಯದರಲ್ಲಿ ಗೆರೆಯ ಎದೆ ಚೆನ್ನಾಗಿ ಬಂದಿದೆ, ಆದರೆ ಮುಖದ ಮುಂದೆ ಹುಲ್ಲಿನ ಗರಿ ಅಡ್ಡ ಬಂದಿದೆ. ಅದೊಂದೇ ಇದ್ದಿದ್ದರೆ ಗಂಡು ಬುರ್ಲಿ ಎಂದಷ್ಟೇ ಬರೆದು ನಿಲ್ಲಿಸುತ್ತಿದ್ದೆ. ಎರಡನೆಯದು ಅದೇ ಹಿಂಡಿನದು, ಗೋಮಾಳದ ಅಂಚಿನಲ್ಲಿ ತೆಗೆದದ್ದು ಎಂದು ಬರೆದಿದ್ದೀರಿ. ಅದರಲ್ಲಿ ಬೋಳು ಎದೆಯ ಹಕ್ಕಿ ಕತ್ತು ಎತ್ತಿ ನಿಂತಿದೆ. ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಕೊರಳಿನಿಂದ ಹೊಟ್ಟೆಯವರೆಗೆ ಬಣ್ಣ ಎಲ್ಲೂ ಮುರಿದಿಲ್ಲ, ಕಾವಿಯ ಸುಳಿವಿಲ್ಲ, ಗದ್ದದಡಿ ಬೆಂಕಿಕಡ್ಡಿಯ ತಲೆಯಷ್ಟು ಬಿಳಿಚು. ಅದು ಕಲ್ಲುಬುರ್ಲಿಯ ಹೆಣ್ಣು. ಹಾಗಾಗಿ ಜೊತೆಯಲ್ಲಿದ್ದ ಮೊದಲ ಫೋಟೊದ ಗಂಡೂ ಬಹುಮಟ್ಟಿಗೆ ಕಲ್ಲುಬುರ್ಲಿಯೇ. ಮೂರನೆಯದು ಬೇರೆ ದಿನ, ಕಾಡಿನ ಕಡೆಯ ಬದುವಿನ ಮೇಲೆ, ಕಾರೆ ಗಿಡದ ಬುಡದಲ್ಲಿ ತೆಗೆದದ್ದು. ಅದೂ ಬೋಳು ಎದೆಯದ್ದೇ, ಆದರೆ ಕೊರಳಿಗೆ ಕಾವಿಯ ಪಟ್ಟಿ ಕಟ್ಟಿದಂತಿದೆ, ಬಿಳಿ ಹುಬ್ಬು ಕಣ್ಣು ದಾಟಿ ಹಿಂದೆ ಹೋಗಿದೆ. ಅದು ಕಾಡುಬುರ್ಲಿಯ ಹೆಣ್ಣು. ನಿಮ್ಮ ನಾಲ್ಕೂವರೆ ಎಕರೆಯ ಎರಡು ಬದಿಗೆ ಎರಡು ಜಾತಿಗಳಿವೆ. ಮಾವನವರಿಗೆ ಇದನ್ನು ತೋರಿಸಿ, ಸಂಖ್ಯೆಯಲ್ಲಿ ಅವರೇ ಗೆದ್ದರು.

ಆ್ಯಪ್ ಎರಡು ಹೆಸರು ಹೇಳಿದ್ದಕ್ಕೂ ಇದು ಅರ್ಧ ಕಾರಣ. ಇನ್ನರ್ಧ, ಅದರ ಕೆಲಸದ ರೀತಿ. ಈ ಹಕ್ಕಿಗಳ ವ್ಯತ್ಯಾಸ ಇರುವುದು ಉಗುರಿನಗಲದ ಜಾಗದಲ್ಲಿ. ಮುಖ ಮಸುಕಾಗಿದ್ದರೆ ಆ್ಯಪ್ ದೇಹದ ಆಕಾರ, ಬೆನ್ನಿನ ಬಣ್ಣ, ಊರು ಇವನ್ನೇ ಆಧರಿಸಿ ಹತ್ತಿರದ ಹೆಸರು ಕೊಡುತ್ತದೆ, ಅದೂ ಪೂರ್ತಿ ಧೈರ್ಯದಿಂದ. ಆ ಧೈರ್ಯವನ್ನು ನಂಬಬೇಡಿ. ಆ್ಯಪ್ ಹೇಳಿದ ಹೆಸರನ್ನು ಹಿಡಿದು ಕೊರಳನ್ನು ನೋಡಿ, ಕೊರಳು ಒಪ್ಪದಿದ್ದರೆ ಹೆಸರನ್ನು ಬಿಡಿ.

ಬೆನ್ನಿನ ಕೆಂಪಿನ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು, ಏಕೆಂದರೆ ನಿಮ್ಮದು ಕೆಮ್ಮಣ್ಣಿನ ನೆಲ. ಕೆಂಪು ಹೆಚ್ಚಿದ್ದರೆ ಕಾಡುಬುರ್ಲಿ, ಬೂದು ಹೆಚ್ಚಿದ್ದರೆ ಕಲ್ಲುಬುರ್ಲಿ ಎಂಬ ಲೆಕ್ಕ ಓದಿದವರಲ್ಲೂ ಇದೆ. ಅದು ತಪ್ಪು. ಪಕ್ಷಿತಜ್ಞ ಸಲೀಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ದಕ್ಷಿಣದ ಕೆಮ್ಮಣ್ಣಿನ ಸೀಮೆಯ ಕಲ್ಲುಬುರ್ಲಿ ಉಳಿದ ಕಡೆಯದಕ್ಕಿಂತ ಬೇರೆಯಾಗಿ, ಇಟ್ಟಿಗೆಗೆಂಪಾಗಿದೆ ಎಂದು ಬ್ರಿಟಿಷ್ ಪಕ್ಷಿತಜ್ಞ ಹ್ಯೂ ವಿಸ್ಲರ್ ಅದನ್ನು 1943ರಲ್ಲಿ ಪ್ರತ್ಯೇಕ ಉಪಪ್ರಭೇದವೆಂದು ವಿವರಿಸಿ ಅದಕ್ಕೆ ಸಲೀಂ ಅಲಿಯವರ ಹೆಸರನ್ನೇ ಇಟ್ಟರು. ನೆಲ ಕೆಂಪಾದರೆ ಅಲ್ಲಿನ ಹಕ್ಕಿಯೂ ಕೆಂಪು. ಎರೆಭೂಮಿಯ ಕಡೆಯ ಫೋಟೊ ನೋಡಿ ಕಣ್ಣು ಪಳಗಿಸಿಕೊಂಡವರು ನಮ್ಮ ಕೆಮ್ಮಣ್ಣಿನ ಕಲ್ಲುಬುರ್ಲಿಯನ್ನು ಕಂಡು ಕಾಡುಬುರ್ಲಿ ಎಂದುಬಿಡುತ್ತಾರೆ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಬಹಳ ವರ್ಷಗಳ ಹಿಂದೆ ಹಿರಿಯೂರಿನ ಕಡೆ ಒಂದು ಸಂಜೆ, ಸೂರ್ಯ ಮುಳುಗುವ ಹೊತ್ತಿಗೆ, ಕಲ್ಲುಗುಂಡುಗಳ ನಡುವೆ ಒಂಬತ್ತು ಹಕ್ಕಿಗಳ ಹಿಂಡು ಸಿಕ್ಕಿತು. ಸಂಜೆಯ ಬೆಳಕಿನಲ್ಲಿ ಬೋಳು ಎದೆಯ ಹಕ್ಕಿಯ ಕೊರಳು ಕೆಂಪಗೆ ಹೊಳೆಯಿತು. ಕಾಡುಬುರ್ಲಿ ಎಂದು ಬರೆದುಕೊಂಡೆ. ಮರುದಿನ ಬೆಳಿಗ್ಗೆ ಒಂಬತ್ತರ ನೇರ ಬೆಳಕಿನಲ್ಲಿ ಅದೇ ಜಾಗದಲ್ಲಿ ಅದೇ ಹಿಂಡನ್ನು ನೋಡಿದಾಗ ಎದೆಗೂ ಕೊರಳಿಗೂ ಯಾವ ವ್ಯತ್ಯಾಸವೂ ಇರಲಿಲ್ಲ. ಹಿಂದಿನ ಸಂಜೆ ಕೊರಳಷ್ಟೇ ಅಲ್ಲ, ಎದೆಯೂ, ಕಲ್ಲುಗಳೂ ಕೆಂಪಾಗಿದ್ದವು. ನಾನು ಕೊರಳೊಂದನ್ನೇ ನೋಡಿದ್ದೆ. ಅಂದಿನಿಂದ ಸಂಜೆಯ ಬೆಳಕಿನಲ್ಲಿ ನೋಡಿದ ಬುರ್ಲಿಗೆ ಹೆಸರು ಬರೆಯುವುದನ್ನು ಬಿಟ್ಟಿದ್ದೇನೆ. ನೋಡಬೇಕಾದದ್ದು ಕೊರಳು ಎಷ್ಟು ಕೆಂಪು ಎಂಬುದಲ್ಲ, ಕೊರಳಿಗೂ ಎದೆಗೂ ನಡುವೆ ಅಂಚು ಇದೆಯೇ ಎಂಬುದು. ಬೆಳಕು ಯಾವುದೇ ಇರಲಿ, ಅಂಚು ಸುಳ್ಳು ಹೇಳುವುದಿಲ್ಲ.

ಜಾಗವೂ ಒಂದಿಷ್ಟು ಹೇಳುತ್ತದೆ. ಕಲ್ಲುಬುರ್ಲಿಗೆ ಬೇಕಾದದ್ದು ಒಣಗಿದ, ಗರಸು ತುಂಬಿದ, ಅಲ್ಲೊಂದು ಇಲ್ಲೊಂದು ಮುಳ್ಳುಗಿಡ ಇರುವ ಬಯಲು. ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರಿನ ಬೋಳು ದಿಬ್ಬಗಳು ಅದಕ್ಕೆ ಹೇಳಿ ಮಾಡಿಸಿದ ನೆಲ. ಕಾಡುಬುರ್ಲಿಗೆ ಇನ್ನಷ್ಟು ಮರೆ ಬೇಕು. ಕಾರೆ, ಕವಳೆ, ಲಂಟಾನ ಒತ್ತಾಗಿ ಬೆಳೆದ ಕುರುಚಲು, ಎಲೆ ಉದುರಿಸುವ ಕಾಡಿನ ಅಂಚು. ಚಿತ್ರದುರ್ಗದ ಜೋಗಿಮಟ್ಟಿಯ ಇಳಿಜಾರು, ನಿಮ್ಮ ತಾಲ್ಲೂಕಿನದೇ ಆದ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮದಂಥ ಜಾಗ. ಆದರೆ ಹೆಸರಿನಲ್ಲಿ ಕಲ್ಲು ಇದೆಯೆಂದು ಅದು ಬಂಡೆಯ ಮೇಲೆ ಕೂರುವ ಹಕ್ಕಿ ಎಂದುಕೊಳ್ಳಬೇಡಿ. ಕಾಡು ಮತ್ತು ಬಯಲು ಕೂಡುವಲ್ಲಿ, ನಿಮ್ಮ ಹೊಲದಂತಹ ಕಡೆ, ಎರಡೂ ಒಂದೇ ಬೆಳಿಗ್ಗೆ ಸಿಗಬಹುದು. ಜಾಗ ನೋಡಿ ಹೆಸರು ಹೇಳಿದರೆ ಅಲ್ಲಿಯೇ ಎಡವುತ್ತೇವೆ.

ಇಷ್ಟೆಲ್ಲ ಕೂದಲು ಸೀಳುವುದು ಏಕೆ ಎಂದು ಯಾರಾದರೂ ಕೇಳಬಹುದು. ಎರಡೂ ಅಳಿವಿನ ಅಂಚಿನ ಹಕ್ಕಿಗಳಲ್ಲ, ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಎರಡಕ್ಕೂ ಸದ್ಯಕ್ಕೆ ಆತಂಕವಿಲ್ಲ ಎಂದೇ ಇದೆ. ನನ್ನ ಕಳವಳ ಬೇರೆ. ಕಾಗದಪತ್ರದಲ್ಲಿ ಕಾಡಿಗೆ ಕಾಡು ಎಂಬ ಹೆಸರಿದೆ, ಬಯಲಿಗೆ ಬೀಳು ಎಂಬ ಹೆಸರಿದೆ. ಬೀಳು ಎಂದರೆ ಕೆಲಸಕ್ಕೆ ಬಾರದ್ದು ಎಂದು ತಿಳಿದು ಉಳುತ್ತಾರೆ, ಬೇಲಿ ಹಾಕುತ್ತಾರೆ, ಸಾಲುಸಾಲಾಗಿ ಸಸಿ ನೆಡುತ್ತಾರೆ, ಇಲ್ಲವೇ ಬಳ್ಳಾರಿ ಜಾಲಿ ತಾನಾಗಿಯೇ ನುಗ್ಗಿ ಮುಚ್ಚಿಬಿಡುತ್ತದೆ. ಚಳ್ಳಕೆರೆಯ ಅಮೃತಮಹಲ್ ಕಾವಲುಗಳ, ಅಂದರೆ ದನ ಮೇಯಲು ಮೀಸಲಿಟ್ಟ ಹುಲ್ಲುಗಾವಲುಗಳ, ದೊಡ್ಡ ಭಾಗ ಹೇಗೆ ಬೇರೆ ಬಳಕೆಗೆ ಹೋಯಿತು ಎಂಬುದು ನಮ್ಮ ಸೀಮೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಬಯಲು ಮುಚ್ಚಿದಾಗ ಕಾಡುಬುರ್ಲಿಗೆ ಹೇಗೋ ನಡೆಯುತ್ತದೆ, ಕಲ್ಲುಬುರ್ಲಿಗೆ ನಡೆಯುವುದಿಲ್ಲ. ಎರಡನ್ನೂ ಒಂದೇ ಹೆಸರಿನಲ್ಲಿ ಬರೆದುಕೊಂಡು ಹೋದರೆ ಪುಸ್ತಕದಲ್ಲಿ ಬುರ್ಲಿ ಇದ್ದೇ ಇರುತ್ತದೆ, ನೆಲದ ಮೇಲೆ ಅವುಗಳಲ್ಲಿ ಒಂದು ಇಲ್ಲವಾಗಿರುತ್ತದೆ. ಅದಕ್ಕಾಗಿ ಮುಖ ಕಾಣದ ಹಕ್ಕಿಗೆ ಊಹೆಯ ಹೆಸರು ಕೊಡಬೇಡಿ ಎಂದು ಎಲ್ಲರನ್ನೂ ಬೇಡಿಕೊಳ್ಳುತ್ತೇನೆ. ಪೊದೆಲಾವುಗೆ (ಬುಷ್ ಕ್ವೇಲ್), ಜಾತಿ ಖಚಿತವಿಲ್ಲ ಎಂದು ಬರೆದರೆ ಅದು ಸೋಲಲ್ಲ. ಹಕ್ಕಿ ನೋಡುವವರು ತಮ್ಮ ಪಟ್ಟಿ ಸೇರಿಸುವ ಜಾಲತಾಣ ಈ-ಬರ್ಡ್‌ನಂತಹ ದಾಖಲೆಯಲ್ಲೂ ಹಾಗೆ ಗುಂಪಿನ ಹೆಸರಷ್ಟೇ ಬರೆಯಲು ಅವಕಾಶವಿದೆ.

ಈಗ ಗೂಡಿಗೆ ಬರೋಣ. ಐದು ಮೊಟ್ಟೆ, ಕೆನೆಬಿಳಿ ಬಣ್ಣ, ಹುಲ್ಲಿನ ಬುಡದಲ್ಲಿ ಕೆರೆದ ಸಣ್ಣ ಗುಳಿ ಎಂದು ಬರೆದಿದ್ದೀರಿ. ಬುರ್ಲಿಯದೇ ಇರಬೇಕು. ಆದರೆ ಎರಡರಲ್ಲಿ ಯಾವುದರದು ಎಂದು ಮೊಟ್ಟೆ ನೋಡಿ ಹೇಳಲಾಗದು, ಎರಡರದೂ ಹಾಗೆಯೇ. ಕೂತ ಹಕ್ಕಿಯ ಕೊರಳು ನೋಡಿದರೆ ಗೊತ್ತಾಗುತ್ತದೆ ನಿಜ, ಅದಕ್ಕಾಗಿ ಹಕ್ಕಿಯನ್ನು ಎಬ್ಬಿಸುವುದು ಮಾತ್ರ ಬೇಡ. ಈ ಒಂದು ಗೂಡಿನ ಹೆಸರು ನಮಗೆ ತಿಳಿಯದೆ ಹೋದರೆ ನಷ್ಟವಿಲ್ಲ.

ಕಾವು ಕೂರುವುದು ಹೆಣ್ಣು, ಕಾವಿನ ಅವಧಿ ಸುಮಾರು 16ರಿಂದ 18 ದಿನ. ನೀವು ನೋಡಿದ ದಿನವೇ ಹಕ್ಕಿ ಕೂತಿತ್ತು, ಆಗಲೇ ಎಂಟು ದಿನವಾಗಿದೆ. ಆ ದಿನವೇ ಕಾವು ಶುರುವಾಗಿತ್ತು ಎಂದಿಟ್ಟುಕೊಂಡರೂ ಇನ್ನು ಹೆಚ್ಚೆಂದರೆ ಹತ್ತು ದಿನ. ಶೇಂಗಾ ಕೀಳಲು ಇರುವುದೂ ಅಷ್ಟೇ ದಿನ. ಮರಿಗಳು ಒಡೆದ ಕೆಲವೇ ಹೊತ್ತಿನಲ್ಲಿ ತಾಯಿಯ ಹಿಂದೆ ನಡೆದು ಗೂಡು ಬಿಟ್ಟು ಹೋಗುತ್ತವೆ, ಗುಬ್ಬಚ್ಚಿಯ ಹಾಗೆ ವಾರಗಟ್ಟಲೆ ಗೂಡಿನಲ್ಲಿ ಕೂತು ಬಾಯಿ ತೆರೆಯುವುದಿಲ್ಲ. ಆದ್ದರಿಂದ ನಿಮ್ಮಿಂದ ಬೇಕಾದದ್ದು ಬಹಳ ಸಣ್ಣ ಸಹಾಯ.

ಎಲ್ಲಕ್ಕಿಂತ ಒಳ್ಳೆಯದು, ಆ ಬದುವಿನ ಸುತ್ತ ನಾಲ್ಕೈದು ಮೀಟರ್‌ನಷ್ಟು ಹುಲ್ಲು ಮತ್ತು ಅದಕ್ಕೆ ತಾಗಿದ ಎರಡು ಸಾಲು ಬೆಳೆಯನ್ನು ಹಾಗೆಯೇ ಬಿಟ್ಟು, ಕೀಳುವ ಕೆಲಸವನ್ನು ಹೊಲದ ಆ ಕಡೆಯಿಂದ ಶುರುಮಾಡಿ ಇಲ್ಲಿಗೆ ಕೊನೆಗೆ ಬರುವುದು. ಮಳೆ ಬರುವ ಸೂಚನೆ ಇದ್ದು ಬೇಗ ಕೀಳಲೇಬೇಕಾದರೆ ಆಳುಗಳಿಗೆ ಆ ಜಾಗ ತೋರಿಸಿ, ಹತ್ತಿರದ ಸಾಲನ್ನು ಬಿಸಿಲೇರುವ ಮುನ್ನ ಬೇಗ ಮುಗಿಸಿ ಹೊರಟುಬಿಡಿ. ನಡುಮಧ್ಯಾಹ್ನ ತಾಯಿ ಎದ್ದುಹೋದರೆ ಬಿಸಿಲಿಗೆ ಮೊಟ್ಟೆ ಬೇಯುತ್ತದೆ. ಇದರಲ್ಲೂ ಅಪಾಯವಿದೆ, ತಾಯಿ ಹೆದರಿ ಗೂಡು ಬಿಡಬಹುದು. ಆದರೆ ಕಾವಿನ ಕೊನೆಯ ದಿನಗಳಲ್ಲಿ ಹಕ್ಕಿ ಗೂಡನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ ಎಂಬುದು ನನ್ನ ಅನುಭವ. ಗುರುತಿಗೆಂದು ಗೂಡಿನ ಪಕ್ಕ ಕೋಲು ನೆಟ್ಟು ಬಟ್ಟೆ ಕಟ್ಟಬೇಡಿ. ಕಾಗೆಗೂ ನಾಯಿಗೂ ದಾರಿಹೋಕ ಹುಡುಗರಿಗೂ ಅದೇ ವಿಳಾಸವಾಗುತ್ತದೆ. ಹತ್ತು ಹೆಜ್ಜೆ ಆಚೆ ಬದುವಿನ ಮೇಲೆ ಒಂದು ಕಲ್ಲಿಟ್ಟರೆ ನಿಮಗೆ ನೆನಪಿರುತ್ತದೆ, ಬೇರೆಯವರಿಗೆ ಅದು ಬರೀ ಕಲ್ಲು. ದಿನಾ ಹೋಗಿ ಇಣುಕಬೇಡಿ. ನೀವು ತುಳಿದ ಹುಲ್ಲಿನ ಜಾಡು ಹಿಡಿದೇ ಮುಂಗುಸಿ ಬರುತ್ತದೆ.

ಗೂಡನ್ನು ಎತ್ತಿ ಪಕ್ಕದ ಪೊದೆಗೆ ಇಡುವುದು ಎರಡನೆಯ ಯೋಚನೆ. ಅದು ಒಳ್ಳೆಯ ಮನಸ್ಸಿನಿಂದ ಮಾಡುವ ಕೆಟ್ಟ ಕೆಲಸ. ತಾಯಿ ಮರಳಿ ಬರುವುದು ಆ ಜಾಗಕ್ಕೆ, ಮೊಟ್ಟೆ ಎಲ್ಲಿ ಹೋಯಿತೆಂದು ಹುಡುಕಿಕೊಂಡು ಹೋಗುವುದಿಲ್ಲ.

ಕೋಳಿಯ ಕೆಳಗಿಡುವುದು ಮೂರನೆಯದು. ಮೊಟ್ಟೆ ಒಡೆಯಬಹುದು, ಅದರಲ್ಲಿ ಪವಾಡವೇನಿಲ್ಲ. ತೊಂದರೆ ಶುರುವಾಗುವುದು ಅನಂತರ. ಹೆಬ್ಬೆರಳಿನ ತುದಿಯಷ್ಟು ದಪ್ಪದ ಮರಿ ಮೂರು ಸೇರು ತೂಗುವ ಕೋಳಿಯ ಕಾಲಿಗೆ ಸಿಕ್ಕು ಅಪ್ಪಚ್ಚಿಯಾಗುತ್ತದೆ. ಉಳಿದದ್ದು ತಿಪ್ಪೆ ಕೆದಕುವುದನ್ನು ಕಲಿಯುತ್ತದೆ, ಗಿಡುಗನ ನೆರಳು ಬಿದ್ದಾಗ ಮಣ್ಣಿಗಂಟಿ ಕೂರುವುದನ್ನು ಹೇಳಿಕೊಡಲು ಹಿಂಡೇ ಇರುವುದಿಲ್ಲ. ಕೋಳಿಯ ರೋಗಗಳು ಮರಿಗೆ ತಗುಲುತ್ತವೆ, ಆ ಮರಿಯನ್ನು ನೀವು ಹೊರಗೆ ಬಿಟ್ಟರೆ ರೋಗವೂ ಹೊರಗೆ ಹೋಗುತ್ತದೆ. ಮೇಲಾಗಿ ಇದು ಕಾನೂನಿಗೆ ವಿರುದ್ಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬ ಪದಕ್ಕೆ ಕೊಲ್ಲುವುದು ಮಾತ್ರ ಅರ್ಥವಲ್ಲ. ಹಿಡಿಯುವುದು, ಉರುಲು ಹಾಕುವುದು, ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆ ಅಥವಾ ಗೂಡನ್ನು ಕದಲಿಸುವುದು ಎಲ್ಲವೂ ಬೇಟೆಯೇ.

ಪೇಟೆಯವರ ಮಾತಿಗೂ ಉತ್ತರ ಇದರಲ್ಲೇ ಇದೆ. ಅವರಿಗೆ ಜೋಡಿ ಹಿಡಿದುಕೊಟ್ಟರೆ ಅಪರಾಧ ಅವರದಷ್ಟೇ ಅಲ್ಲ, ನಿಮ್ಮದೂ ಆಗುತ್ತದೆ. ಹೋಟೆಲುಗಳಲ್ಲಿ ಲಾವುಗೆ ಮಾರುತ್ತಾರಲ್ಲ ಎಂದು ಅವರು ವಾದಿಸಬಹುದು. ಫಾರಂಗಳಲ್ಲಿ ಸಾಕುವುದು ಜಪಾನಿ ಲಾವುಗೆ, ಕೋಳಿಯ ಹಾಗೆ ತಲೆಮಾರುಗಳಿಂದ ಪಂಜರದಲ್ಲೇ ಬೆಳೆದು ಪಳಗಿದ ಹಕ್ಕಿ. ಬುರ್ಲಿ ಅದಲ್ಲ. ಪಂಜರದಲ್ಲಿಟ್ಟ ಬುರ್ಲಿ ಬೆಚ್ಚಿದಾಗಲೆಲ್ಲ ಹೊಲದಲ್ಲಿ ಸಿಡಿದಂತೆಯೇ ನೇರ ಮೇಲಕ್ಕೆ ಸಿಡಿಯುತ್ತದೆ, ತಲೆ ತಂತಿಗೆ ಬಡಿಯುತ್ತದೆ. ಹಾಗೆ ನೆತ್ತಿಯ ಚರ್ಮ ಕಿತ್ತುಹೋಗಿ ಸತ್ತ ಹಕ್ಕಿಗಳನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಅವರು ಮತ್ತೆ ಬಂದು ಒತ್ತಾಯ ಮಾಡಿದರೆ ನಿಮ್ಮ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸಿ.

ಮಾವನವರ ದಮ್ಮಿನ ವಿಷಯದಲ್ಲಿ ನೇರವಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಬುರ್ಲಿ ಮಾಂಸಕ್ಕೆ ಉಸಿರಾಟದ ತೊಂದರೆ ಕಡಿಮೆ ಮಾಡುವ ಗುಣವಿಲ್ಲ. ಒಂದು ಹಕ್ಕಿಯಲ್ಲಿ ಸಿಗುವುದು ಒಂದು ಹಿಡಿ ಮಾಂಸ, ಕೋಳಿಯಲ್ಲಿ ಇಲ್ಲದ್ದು ಅದರಲ್ಲೇನೂ ಇಲ್ಲ. ದಮ್ಮಿಗೆ ಬಾಯಿಯಿಂದ ಎಳೆದುಕೊಳ್ಳುವ ಒಳ್ಳೆಯ ಔಷಧಿಗಳಿವೆ. ಅವರನ್ನು ತಾಲ್ಲೂಕು ಆಸ್ಪತ್ರೆಗೆ ಒಮ್ಮೆ ಕರೆದುಕೊಂಡು ಹೋಗಿ. ಶೇಂಗಾ ಬಡಿಯುವ, ತೂರುವ ದಿನಗಳಲ್ಲಿ ಧೂಳಿನಿಂದ ದೂರ ಕೂರಿಸಿ, ಅಗತ್ಯವಿದ್ದರೆ ಮೂಗುಬಾಯಿಗೆ ಬಟ್ಟೆ ಕಟ್ಟಿಕೊಳ್ಳಲಿ.

ಒಂದು ಕೋರಿಕೆ ಇದೆ. ಸುಗ್ಗಿ ಮುಗಿದ ಮೇಲೆ ಬದುವಿನ ಒಣಹುಲ್ಲಿಗೆ ಬೆಂಕಿ ಇಡುವ ರೂಢಿ ನಮ್ಮ ಕಡೆ ಇದೆ. ಬುರ್ಲಿಗಳು ಮಳೆಗಾಲದ ನಡುವಿನಿಂದ ಚಳಿಗಾಲ ಮುಗಿಯುವವರೆಗೂ ಮೊಟ್ಟೆ ಇಡುತ್ತಿರುತ್ತವೆ. ರಾತ್ರಿ ಹಿಂಡೆಲ್ಲ ಇಂಥದೇ ಹುಲ್ಲಿನ ಮರೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು, ಮುಖ ಎಲ್ಲ ದಿಕ್ಕಿಗೂ ಹೊರಗೆ ಮಾಡಿ, ರೊಟ್ಟಿಯಂತೆ ದುಂಡಗೆ ಕೂತು ಮಲಗುತ್ತದೆ. ಒಮ್ಮೆ ಮುಂಜಾನೆ ಅಂಥ ದುಂಡನ್ನು ನಾನು ಎರಡು ಮಾರು ದೂರದಿಂದ ನೋಡಿದ್ದೇನೆ. ಹನ್ನೊಂದು ಜೊತೆ ಕಣ್ಣುಗಳು, ಒಂದೂ ರೆಪ್ಪೆ ಆಡಿಸಲಿಲ್ಲ. ಬದುವಿಗೆ ಬೆಂಕಿ ಇಟ್ಟರೆ ಈ ಜಾಗ ಹೋಗುತ್ತದೆ. ಎಲ್ಲ ಬದುವನ್ನೂ ಬಿಡಿ ಎನ್ನುವುದಿಲ್ಲ, ಗೋಮಾಳದ ಕಡೆಯ ಒಂದನ್ನು ಮತ್ತು ಕಾಡಿನ ಕಡೆಯ ಒಂದನ್ನು ಸುಡದೆ ಬಿಡಿ. ಆಗ ಎರಡು ಜಾತಿಗೂ ಮಲಗಲು ಜಾಗ ಉಳಿಯುತ್ತದೆ.

ಹತ್ತು ದಿನ ಕಳೆದ ಮೇಲೆ ಒಮ್ಮೆ ಗೂಡಿನ ಬಳಿ ಹೋಗಿ ನೋಡಿ. ಹಕ್ಕಿ ಇನ್ನೂ ಕೂತಿದ್ದರೆ ಮಾತಿಲ್ಲದೆ ಹಿಂದಿರುಗಿ, ಇನ್ನು ನಾಲ್ಕು ದಿನ ಬಿಡಿ. ಗೂಡು ಖಾಲಿಯಾಗಿದ್ದರೆ ಚಿಪ್ಪುಗಳನ್ನು ಹುಡುಕಿ. ಮೊಟ್ಟೆಯ ದಪ್ಪ ತುದಿ ಡಬ್ಬಿಯ ಮುಚ್ಚಳ ತೆಗೆದ ಹಾಗೆ ಸುತ್ತಲೂ ನೀಟಾಗಿ ಕತ್ತರಿಸಿ ಬಿದ್ದಿದ್ದರೆ ಮರಿ ಒಳಗಿನಿಂದ ಕೊಕ್ಕಿನಿಂದ ಕುಟ್ಟಿಕೊಂಡು ಹೊರಬಂದಿದೆ ಎಂದು ಅರ್ಥ. ಚಿಪ್ಪು ನುಚ್ಚುನೂರಾಗಿದ್ದರೆ, ಪಕ್ಕದಲ್ಲಿ ತೂತು ಬಿದ್ದು ಒಳಗೆ ಲೋಳೆ ಅಂಟಿದ್ದರೆ ಯಾವುದೋ ಪ್ರಾಣಿಯ ಪಾಲಾಗಿದೆ, ಅದರಲ್ಲಿ ನಿಮ್ಮ ತಪ್ಪಿಲ್ಲ, ಬುರ್ಲಿ ಮತ್ತೆ ಮೊಟ್ಟೆ ಇಡಬಹುದು. ಯಾವುದೇ ಆಗಿರಲಿ, ಚಿಪ್ಪುಗಳ ಫೋಟೊ ತೆಗೆದು ಕಳಿಸಿ. ಮುಂದಿನ ಸಲ ಗಂಡಿನ ಫೋಟೊ ತೆಗೆಯುವಾಗ ಬೆಳಿಗ್ಗೆ ಎಂಟರಿಂದ ಹತ್ತರೊಳಗೆ, ಸೂರ್ಯ ನಿಮ್ಮ ಬೆನ್ನಿಗಿರುವಂತೆ ನಿಂತು, ಕೆನ್ನೆಯ ಕೆಳಗಿನ ಬಿಳಿ ಪಟ್ಟೆ ಇದೆಯೋ ಇಲ್ಲವೋ ಕಾಣುವಂತೆ ಒಂದು ತೆಗೆಯಿರಿ.